ತಾರೀಖು ಬಾರದೆ ಪುಟ ತಿರುಗಿಸದವಳು

ಲೆಂಪಿ ಕೋಸ್ಕೆಲಾಳನ್ನು ದೂರದಿಂದ ಗುರುತು ಹಿಡಿಯಬೇಕಾದವರು ಅವಳ ಮುಖವನ್ನು ನೋಡುತ್ತಿರಲಿಲ್ಲ, ಕೋಟಿನ ಬಲಜೇಬನ್ನು ನೋಡುತ್ತಿದ್ದರು. ಕೆಂಪು ಕಪ್ಪು ಚೌಕುಳಿಯ ಆ ಉಣ್ಣೆಯ ಕೋಟು ಅವಳ ಅಣ್ಣ ಮರ ಕಡಿಯಲು ಕಾಡಿಗೆ ಹೋಗುತ್ತಿದ್ದ ಕಾಲದ್ದು. ಅದರ ಜೇಬು ವರ್ಷಗಟ್ಟಲೆ ದಪ್ಪ ಪುಸ್ತಕಗಳನ್ನು ಹೊತ್ತು ಜಗ್ಗಿ, ಪುಸ್ತಕವಿಲ್ಲದ ದಿನವೂ ಪುಸ್ತಕವಿದ್ದಂತೆಯೇ ಕಾಣುತ್ತಿತ್ತು. ಹಿಮದ ಮೇಲೆ ನಡೆಯುವಾಗ ಆ ಭಾರಕ್ಕೆ ಅವಳ ದೇಹ ಬಲಗಡೆಗೆ ತುಸು ವಾಲುತ್ತಿತ್ತು, ವಾಲಿದ್ದನ್ನು ಸರಿಪಡಿಸಿಕೊಳ್ಳಲು ತಲೆ ಎಡಕ್ಕೆ ಬಾಗುತ್ತಿತ್ತು, ಹೀಗಾಗಿ ಅವಳು ಸದಾ ಯಾರದೋ ಮಾತಿಗೆ ಕಿವಿಗೊಟ್ಟು ನಡೆಯುವವಳಂತೆ ತೋರುತ್ತಿದ್ದಳು. ಜೇಬಿನೊಳಗಿನ ಪುಸ್ತಕಕ್ಕೆ ಅಗಲವಾದ ಒಂದು ನೀಲಿ ರಬ್ಬರ್ ಬ್ಯಾಂಡು. ಓದಿ ಮುಗಿದ ಪುಟಗಳು ಬ್ಯಾಂಡಿನ ಹೊರಗೆ, ಓದಬೇಕಾದವು ಒಳಗೆ. ಒಳಗಿನ ಪುಟಗಳನ್ನು ಅವುಗಳ ತಾರೀಖು ಬರುವ ಮೊದಲು ತೆರೆಯುವ ಅಧಿಕಾರ ಊರಿನಲ್ಲಿ ಯಾರಿಗೂ ಇರಲಿಲ್ಲ. ಪುಸ್ತಕದ ಒಡತಿಯಾದ ಲೆಂಪಿಗೂ ಇರಲಿಲ್ಲ.

ಅವಳು ಓದುತ್ತಿದ್ದುದು ಒಂದೇ ಬಗೆಯ ಕಾದಂಬರಿ, ಮೊದಲಿನಿಂದ ಕೊನೆಯವರೆಗೆ ಪತ್ರಗಳಲ್ಲೇ ಸಾಗುವಂಥದು. ಮಿಕ್ಕವುಗಳ ಮೇಲೆ ಅವಳಿಗೆ ದ್ವೇಷವಿರಲಿಲ್ಲ, ಅಪನಂಬಿಕೆಯಿತ್ತು. "ಬೇರೆ ಪುಸ್ತಕದಲ್ಲಿ ಕಥೆ ಹೇಳೋನಿಗೆ ಮೊದಲೇ ಎಲ್ಲಾ ಗೊತ್ತಿರುತ್ತೆ. ಗೊತ್ತಿದ್ದೂ ಗೊತ್ತಿಲ್ಲದೋನ ಥರ ಮುಖ ಮಾಡ್ಕೊಂಡು ನಮ್ಮನ್ನ ಆಟ ಆಡಿಸ್ತಾನೆ," ಎನ್ನುತ್ತಿದ್ದಳು. "ಕಾಗದ ಬರೆಯೋಳಿಗೆ ಪಾಪ ನಾಳೆ ಏನು ಅಂತ ಗೊತ್ತಿಲ್ಲ. ನನ್ನ ಹಾಗೆ, ನಿನ್ನ ಹಾಗೆ. ಲೈನ್ ಸಿಕ್ತಾ?"

'ಅರ್ಥವಾಯಿತೇ' ಎನ್ನುವುದಕ್ಕೆ ಅವಳು 'ಲೈನ್ ಸಿಕ್ತಾ' ಎನ್ನುತ್ತಿದ್ದಳು. ಹೊರಡುವಾಗ 'ಬರ್ತೀನಿ' ಎನ್ನುವ ಬದಲು 'ಲೈನ್ ಬಿಡ್ತೀನಿ' ಎನ್ನುತ್ತಿದ್ದಳು. ಲೇಕ್ ಸುಪೀರಿಯರ್ ಸರೋವರದ ದಂಡೆಯ ನಮ್ಮ ಪೈಕ್ ಬೇ ಊರಿಗೆ ಟೆಲಿಫೋನು ಬಂದಂದಿನಿಂದ ಯಂತ್ರವೇ ನಂಬರು ಜೋಡಿಸುವ ಕಾಲ ಬರುವವರೆಗೆ, ಬ್ಯಾಂಕಿನ ಮೇಲಂತಸ್ತಿನ ಕೋಣೆಯಲ್ಲಿ ಕುಳಿತು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ತಂತಿ ಸಿಕ್ಕಿಸಿ ಜೋಡಿಸುತ್ತಿದ್ದವಳು ಅವಳೇ. ಕೆಲಸಕ್ಕೆ ಸೇರಿದ ದಿನವೇ ಅವಳಿಂದ ಪ್ರಮಾಣ ಮಾಡಿಸಿದ್ದರಂತೆ: ಜೋಡಿಸಬೇಕು, ಕೇಳಿಸಿಕೊಳ್ಳಬಾರದು. ಊರಿನ ಅರ್ಧ ಮದುವೆಗಳು, ಅಷ್ಟೇ ಜಗಳಗಳು ಅವಳ ಬೆರಳ ತುದಿಯಲ್ಲಿ ಹಾದುಹೋದವು. ಒಂದೂ ಅವಳ ನಾಲಗೆಗೆ ಬರಲಿಲ್ಲ. ಕಿವಿಗೆ ಬಿದ್ದಿತ್ತೋ ಇಲ್ಲವೋ ದೇವರೇ ಬಲ್ಲ. ನಿವೃತ್ತಿಯಾದ ಮರುದಿನ ತನ್ನ ಮನೆಯ ಟೆಲಿಫೋನನ್ನು ಕೀಳಿಸಿ ಹಾಕಿದಳು. ಯಾಕೆಂದು ಕೇಳಿದ್ದಕ್ಕೆ, "ಫೋನಲ್ಲಿ ಯಾರೂ ಯಾರಿಗೂ ಮಾತು ಮುಗಿಸೋಕೆ ಬಿಡಲ್ಲ. ಅದನ್ನ ನೋಡೀ ನೋಡೀ ಸಾಕಾಗಿದೆ," ಎಂದಳು. ಆಮೇಲೆ ದನಿ ತಗ್ಗಿಸಿ ಸೇರಿಸಿದಳು: "ಅಷ್ಟು ವರ್ಷ ಕದ್ದು ಕೇಳಬಾರದು ಅಂತ ಕಿವಿ ಮುಚ್ಕೊಂಡಿದ್ದೆ. ಈ ಪುಸ್ತಕಗಳಲ್ಲಿ ಅವರೇ ಕರೆದು ಕೂರಿಸಿ, ಕೇಳು ಅಂತಾರೆ ನೋಡು."

ಹಾಗೆ ಕೇಳುವ ಸುಖ ತನಗೊಬ್ಬಳಿಗೇ ಯಾಕೆಂದು ಸಹಕಾರಿ ಅಂಗಡಿಯ ಹಿಂಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ಮತ್ತು ರಬ್ಬರ್ ಬೂಟುಗಳ ನಡುವೆ, ಕಟ್ಟಿಗೆಯ ಒಲೆಯ ಸುತ್ತ ಅವಳು ಒಂದು ಓದಿನ ಕೂಟ ಕಟ್ಟಿದಳು. ಅಂಗಡಿಯಲ್ಲಿ ಕೆಲಸಕ್ಕಿದ್ದ ನನಗೆ ಕಾಫಿ ಕಾಸುವ ಹೊಣೆ. ಕೂಟಕ್ಕೆ ವಾರ ಗೊತ್ತಿರಲಿಲ್ಲ, ವೇಳೆಯೊಂದು ಗೊತ್ತಿತ್ತು: ಮಧ್ಯಾಹ್ನದ ಕಾಫಿ. ಕಾದಂಬರಿಯೊಳಗಿನ ಪತ್ರಕ್ಕೆ ಯಾವ ತಾರೀಖಿದೆಯೋ ಆ ತಾರೀಖಿನಂದೇ ಆ ಪತ್ರವನ್ನು ಓದಬೇಕು ಎಂಬುದು ಲೆಂಪಿಯ ಶಾಸನ. ಪಾತ್ರಗಳು ದಿನವೂ ಬರೆದರೆ ನಾವು ದಿನವೂ ಸೇರಬೇಕು. ಅವರು ತಿಂಗಳುಗಟ್ಟಲೆ ಮುನಿಸಿಕೊಂಡರೆ ನಾವೂ ತಿಂಗಳುಗಟ್ಟಲೆ ಬಾಯಿ ಬಾಯಿ ಬಿಡಬೇಕು. ಒಂದು ಕಾದಂಬರಿಗೆ ಒಂದು ವರ್ಷ ಹಿಡಿಯುತ್ತಿತ್ತು. ಮೊದಮೊದಲು ನಗೆಯಾಡಿದ ಜನ ಕ್ರಮೇಣ ಅಂಗಡಿಗೆ ಉಪ್ಪು ಕೊಳ್ಳಲು ಬಂದಾಗಲೂ, "ಕಾಗದ ಬಂತಾ?" ಎಂದು ಕೇಳತೊಡಗಿದರು.

ಒಮ್ಮೆ ಫೆಬ್ರವರಿಯಲ್ಲಿ ಹಿಮಗಾಳಿ ಎದ್ದು ಊರಿನ ಬಾಗಿಲುಗಳೆಲ್ಲ ಹೂತುಹೋಗಿ, ಪತ್ರದ ದಿನ ಯಾರೂ ಬರಲಾಗಲಿಲ್ಲ. ಎರಡು ದಿನ ಬಿಟ್ಟು ಸೇರಿದಾಗ ಇನ್ನೇನು ಶಾಸನ ಮುರಿಯಿತು ಎಂದು ನಾವು ಗುಟ್ಟಾಗಿ ಹಿಗ್ಗಿದೆವು. ಲೆಂಪಿ ಏನೂ ಆಗಿಲ್ಲವೆಂಬಂತೆ ಬ್ಯಾಂಡು ಸರಿಸಿದಳು. "ಚಳಿಗಾಲದಲ್ಲಿ ಟಪಾಲು ತಡ ಆಗೋದು ಇದ್ದದ್ದೇ. ಬರೆಯೋಕೆ ಮುಂಚೆ ಬರೋ ಕಾಗದ ಮಾತ್ರ ನಾನು ಕಂಡಿಲ್ಲ."

ಈ ಶಾಸನ ಮನುಷ್ಯರನ್ನು ಏನು ಮಾಡುತ್ತದೆಂಬುದಕ್ಕೆ ಟೈಮಿಯ ಪ್ರಸಂಗವೊಂದೇ ಸಾಕು. ಟೈಮಿ ಎಂದರೆ ಚರ್ಚಿನ ಪಕ್ಕದ ಮನೆಯವಳು. ಏಲಕ್ಕಿ ಹಾಕಿದ ನಿಸು ಬ್ರೆಡ್ಡಿಗೂ ಕಣ್ಣೀರಿಗೂ ಹೆಸರಾದವಳು. ಒಂದು ಕಾದಂಬರಿಯಲ್ಲಿ ಮುದಿ ಶಾಲಾಮಾಸ್ತರನೊಬ್ಬ ತನ್ನ ಹಳೆಯ ಶಿಷ್ಯೆಗೆ ಬರೆಯುತ್ತಿದ್ದ. ಅವನ ಪತ್ರಗಳು ನಿಂತುಹೋದವು. ಕಾದು ಕಾದು ಬಂದ ಪತ್ರ ಅವನದಲ್ಲ, ಅವನ ಮನೆಯೊಡತಿಯದು; ಮಾಸ್ತರ ತೀರಿಕೊಂಡಿದ್ದ. ಅಂದು ಸಂಜೆ ಟೈಮಿ, ಸಾವಿನ ಮನೆಗೆ ನಮ್ಮೂರಿನವರು ಒಯ್ಯುವ ಮೀನಿನ ಕ್ಯಾಸರೋಲನ್ನು ಬಿಸಿಬಿಸಿ ಪಾತ್ರೆಯಲ್ಲಿ ಬಟ್ಟೆ ಮುಚ್ಚಿಕೊಂಡು ಲೆಂಪಿಯ ಬಾಗಿಲಿಗೆ ಬಂದು ನಿಂತಳು. ಲೆಂಪಿ ಬಾಗಿಲು ತೆರೆದು ಪಾತ್ರೆಯನ್ನೂ ಅವಳನ್ನೂ ನೋಡಿದಳು.

"ಇದೇನೇ ಟೈಮಿ? ನಮ್ಮನೇಲಿ ಯಾರೂ ಸತ್ತಿಲ್ಲ."

"ಗೊತ್ತು ಕಣೇ," ಎಂದಳು ಟೈಮಿ ಮೂಗೊರೆಸಿಕೊಂಡು. "ಬೇರೆ ಎಲ್ಲಿಗೆ ತಗೊಂಡು ಹೋಗ್ಲಿ? ಅವರ ವಿಳಾಸ ಇರೋದು ನಿನ್ನೊಬ್ಬಳ ಹತ್ರಾನೇ."

ಲೆಂಪಿ ಇದನ್ನು ನಗೆಯ ಮಾತೆಂದು ಎಂದೂ ಹೇಳಲಿಲ್ಲ. ಇಬ್ಬರೂ ಕುಳಿತು ಊಟ ಮಾಡಿದರಂತೆ. ತೊಳೆದ ಪಾತ್ರೆಯನ್ನು ಮರುದಿನ ಹಿಂದಿರುಗಿಸಿದಳಂತೆ.

ಇನ್ನು ಆರ್ವೋ ನಿಯೆಮಿಯ ಮಾತಿಲ್ಲದೆ ಲೆಂಪಿಯ ಚಿತ್ರ ಮುಗಿಯುವುದಿಲ್ಲ. ಸರೋವರದಲ್ಲಿ ಬಲೆ ಬೀಸಿಯೇ ಬದುಕಿದ ಮೀನುಗಾರ, ಹೆಂಡತಿಯನ್ನು ಕಳೆದುಕೊಂಡವನು, ಲೆಂಪಿಯ ಶಾಲೆಯ ಕಾಲದ ಒಡನಾಡಿ. ತಾನು ಬರುವುದು ಕಾಫಿಗೆ, ಕಥೆಗಲ್ಲ ಎಂದು ಸಾರಿಯೇ ಒಲೆಯ ಪಕ್ಕದ ಕುರ್ಚಿ ಹಿಡಿಯುತ್ತಿದ್ದ. ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಬಸಿಗೆ ಸುರಿದ ಕಾಫಿಯನ್ನು ಅದರ ಮೂಲಕ ಹೀರುತ್ತ, ಕಣ್ಣು ಮುಚ್ಚಿ, ನಿದ್ದೆಯೆಂದು ನಾವು ನಂಬುವ ಹೊತ್ತಿಗೆ ಒಂದು ತಕರಾರು ತೆಗೆಯುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆನ್ನುವಂತೆ, ಲೆಂಪಿ ಯಾವ ಪಾತ್ರವನ್ನು ಒಳ್ಳೆಯವಳೆಂದಳೋ ಆರ್ವೋಗೆ ಅವಳು ಮಹಾ ಘಾಟಿ. ಲೆಂಪಿ ಯಾವ ಮದುವೆ ಆಗಲಿ ಎಂದಳೋ ಅದು ಮುರಿಯುವುದು ಶತಸ್ಸಿದ್ಧ. ಇವರಿಬ್ಬರೂ ಯೌವನದಲ್ಲೇ ಮದುವೆಯಾಗಿದ್ದರೆ ಊರಿಗೆ ನೆಮ್ಮದಿ ಇರುತ್ತಿತ್ತು ಎಂದು ಟೈಮಿ ಹೇಳುತ್ತಿದ್ದಳು. ಆಗಿದ್ದರೆ ಕೂಟ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ವರ್ಷದ ಕಾದಂಬರಿ ಅಕ್ಕತಂಗಿಯರದು. ಅಕ್ಕ ಅಬಿಗೇಲ್ ಬಂದರಿನಲ್ಲಿ ತಂಗುಮನೆ ನಡೆಸುವವಳು. ತಂಗಿ ಲವೀನಿಯಾ ಹಡಗಿನ ನಾಯಕನೊಬ್ಬನನ್ನು ಅಕ್ಕನಿಗೆ ಹೇಳದೆ ಮದುವೆಯಾಗಿ ಅವನೊಡನೆ ಸಮುದ್ರ ಹತ್ತಿದವಳು. ಜನವರಿಯಲ್ಲಿ ಶುರುವಾದ ಜಗಳ ಬೇಸಿಗೆಯ ಹೊತ್ತಿಗೆ ಕರಗಿತ್ತು. ತಂಗಿಯ ಪತ್ರಗಳೆಲ್ಲ 'ನನ್ನ ಹಟಮಾರಿ ಆಬಿ' ಎಂದೇ ಆರಂಭವಾಗುತ್ತಿದ್ದವು. ಲೋಕದಲ್ಲಿ ಅಬಿಗೇಲಳನ್ನು ಆಬಿ ಎಂದು ಕರೆಯುವವಳು ಅವಳೊಬ್ಬಳೇ. ಪುಸ್ತಕದ ಮೊದಲಲ್ಲಿ ಪರಿವಿಡಿಯ ಹಾಗೆ ಬರೀ ತಾರೀಖುಗಳನ್ನು ಅಚ್ಚು ಹಾಕಿದ್ದರು, ಯಾರು ಬರೆದದ್ದೆಂಬುದು ಅದರಲ್ಲಿರಲಿಲ್ಲ. ಲೆಂಪಿ ಅವನ್ನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸೀಸದಕಡ್ಡಿಯಿಂದ ಗುರುತು ಮಾಡಿದ್ದಳು. ಹೊಸ ವರ್ಷದ ತಾರೀಖುಗಳನ್ನು ಅಂಚಿನಲ್ಲಿ ಬರೆದಿಟ್ಟಿದ್ದಳು. ಕೊನೆಯದು ಮರುವರ್ಷದ ಮಾರ್ಚ್ ಹತ್ತೊಂಬತ್ತು.

ಅಕ್ಟೋಬರಿನ ಮೊದಲಲ್ಲಿ ಲವೀನಿಯಾ, ತಾನು ಬಸುರಿಯೆಂದೂ ಊರಿನ ಕಡೆಗೆ ಹಡಗು ನಾಳೆ ಹೊರಡುವುದೆಂದೂ ಬರೆದಳು. ಅಷ್ಟೇ. ಆಮೇಲೆ ಬಂದವೆಲ್ಲ ಅಬಿಗೇಲಳ ಪತ್ರಗಳು, ಯಾವ ಬಂದರಿಗೆ ಕಳಿಸಬೇಕೆಂದು ತಿಳಿಯದೆ ಎಲ್ಲ ಬಂದರುಗಳಿಗೂ ಬರೆದವು. ಸರೋವರದ ಪಕ್ಕದಲ್ಲಿ ಬದುಕುವ ನಮಗೆ ಹಡಗು ಹೊರಟು ಸುದ್ದಿಯಿಲ್ಲವೆಂದರೆ ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಕೂಟ ಎರಡು ಪಕ್ಷವಾಯಿತು, ಎರಡನೆಯ ಪಕ್ಷದಲ್ಲಿ ಆರ್ವೋ ಒಬ್ಬನೇ.

"ಮುಳುಗಿದೆ ಹಡಗು," ಎಂದ, ಕಣ್ಣು ತೆರೆಯದೆ. "ಅಕ್ಟೋಬರ್ ಗಾಳಿ ಅದು. ನಿಮ್ಮ ಲವೀನಿಯಾ ಮೀನಿನ ಪಾಲು."

"ನಿನ್ನ ಬಾಯಿಗೆ ಬೂದಿ ಬೀಳ!" ಎಂದಳು ಟೈಮಿ.

"ಬರುತ್ತೆ ಕಾಗದ," ಎಂದಳು ಲೆಂಪಿ. "ಇನ್ನೂ ಇಷ್ಟು ಪುಟ ಇದೆ. ಕಣ್ಣು ಕಾಣಲ್ವಾ?"

"ಅಷ್ಟೂ ಪುಟ ಅಕ್ಕನ ಅಳು. ಬರೆದಿಟ್ಕೋ."

ಸತ್ತಳೆಂದು ಅವನು ಹೇಳಿದಷ್ಟೂ ನಮ್ಮ ಮನಸ್ಸಿನಲ್ಲಿ ಅವಳು ಗಟ್ಟಿಯಾಗಿ ಬದುಕಿದಳು. ಆರ್ವೋನ ಎದುರು ಸೋಲಬಾರದೆಂಬ ಒಂದೇ ಛಲಕ್ಕೆ, ಕಥೆಯ ಗಂಧವಿಲ್ಲದ ಮರದ ಮಿಲ್ಲಿನವರೂ ಲವೀನಿಯಾಳ ಪರ ವಾದಿಸತೊಡಗಿದರು.

ಆದರೆ ಆರ್ವೋ ಆಗಲೇ ಕರಗುತ್ತಿದ್ದ. ಕೋಟು ಅವನ ಮೈಮೇಲೆ ಬೇರೆಯವರದ್ದರಂತೆ ಜೋಲುತ್ತಿತ್ತು. ಆ ತಿಂಗಳ ಕೊನೆಗೆ ಪಟ್ಟಣದ ಆಸ್ಪತ್ರೆಯಲ್ಲಿ ನೋಡಿದವರು ಹೊಟ್ಟೆಯೊಳಗೆ ಹುಣ್ಣು ಹಬ್ಬಿದೆಯೆಂದೂ, ಕ್ರಿಸ್‌ಮಸ್ ಕಾಣುವುದು ಕಷ್ಟವೆಂದೂ ಹೇಳಿ ಮನೆಗೆ ಕಳಿಸಿದರು. ಅವನ ಮಗಳು ಮಾರ್ಲೀನ್ ಕೆಲಸಕ್ಕೆ ರಜೆ ಹಾಕಿ ಬಂದು, ಸರೋವರ ಕಾಣುವ ಕಿಟಕಿಯ ಪಕ್ಕ ಅವನ ಹಾಸಿಗೆ ಹಾಕಿದಳು. ಎರಡು ವಾರ ಕಳೆದ ಮೇಲೆ ಅಂಗಡಿಗೆ ಬಂದಳು. ನಾನು ಅಲ್ಲೇ ಇದ್ದೆ.

"ಲೆಂಪಿ ಆಂಟಿ, ಅಪ್ಪ ಔಷಧದ ಮಂಪರಿನಲ್ಲೂ ಆ ಹಡಗಿನ ಮಾತೇ ಆಡ್ತಾರೆ. ಮಾರ್ಚ್‌ವರೆಗೆ ಅವರು ಇರಲ್ಲ. ಕೊನೇ ಕಾಗದ ಒಂದು ಓದಿ ಹೇಳಿಬಿಡಿ."

ಲೆಂಪಿಯ ಬಲಗೈ ಮೇಜಿನ ಮೇಲೆ ಹರಿದಾಡತೊಡಗಿತು. ಮನಸ್ಸು ಕದಡಿದಾಗ ಅವಳ ಕೈ ಹೀಗೆಯೇ ಇಲ್ಲದ ತಂತಿಗಳನ್ನು ಇಲ್ಲದ ತೂತುಗಳಿಗೆ ಸಿಕ್ಕಿಸುತ್ತಿತ್ತು.

"ತಾರೀಖು ಬಂದಿಲ್ಲವಲ್ಲಮ್ಮ," ಎಂದಳು.

ಮಾರ್ಲೀನ್‌ಳ ಮುಖ ಬಿಗಿಯಿತು. "ಅದು ಪುಸ್ತಕ ಆಂಟಿ. ಎಂದೋ ಅಚ್ಚಾಗಿರೋ ಪುಸ್ತಕ. ಇವರು ನಮ್ಮಪ್ಪ."

ಅವಳು ಬಾಗಿಲು ಜೋರಾಗಿ ಹಾಕಿಕೊಂಡು ಹೋದಳು. ಸುದ್ದಿಗೆ ಟೆಲಿಫೋನು ಬೇಕಾಗಲಿಲ್ಲ. ಸಂಜೆಯೊಳಗೆ ಊರೆಲ್ಲ ಹಬ್ಬಿತು. ಸಾಯುವವನಿಗಿಂತ ರಬ್ಬರ್ ಬ್ಯಾಂಡು ಹೆಚ್ಚಾಯಿತೇ ಇವಳಿಗೆ ಎಂದರು. ಮದುವೆಯಾಗದೆ ಉಳಿದವಳ ಎದೆ ಹೀಗೇ ಎಂದರು. ಟೈಮಿ ಕೂಡ, "ನಿಯಮ ಮಾಡಿದೋಳು ನೀನೇ ತಾನೇ? ಮೋಶೆ ದೇವರಿಂದ ತಂದ ಕಲ್ಲಿನ ಆಜ್ಞೆಯೇನಲ್ಲವಲ್ಲ," ಎಂದಳು. ನನಗೂ ಅವಳ ಮೇಲೆ ಸಿಟ್ಟು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಕೆಲವು ದಿನ ಅವಳು ಅಂಗಡಿಯ ಕಡೆಗೇ ಬರಲಿಲ್ಲ. ಬಂದದ್ದು ಒಂದು ಬೆಳಿಗ್ಗೆ, ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು.

"ನಿನ್ನ ಟ್ರಕ್ ತೆಗಿ. ಆರ್ವೋ ಮನೆಗೆ ಹೋಗ್ಬೇಕು."

ದಾರಿಯುದ್ದಕ್ಕೂ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದಳು. ಮನೆ ಹತ್ತಿರವಾದಾಗ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ಒಂದೇ ಒಂದು ಸಲ," ಎಂದಳು. ಅವಳ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು ಕಂಡು ನನ್ನ ಸಿಟ್ಟು ಇಳಿದುಹೋಯಿತು.

ಆರ್ವೋ ದಿಂಬಿಗೆ ಒರಗಿ ಸರೋವರವನ್ನು ನೋಡುತ್ತಿದ್ದ. ದಂಡೆಗೆ ಮೊದಲ ಮಂಜುಗಡ್ಡೆಯ ಅಂಚು ಕಟ್ಟಿತ್ತು. ಲೆಂಪಿ ಕೋಟು ಬಿಚ್ಚದೆ ಅವನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಪುಸ್ತಕ ಹೊರತೆಗೆದು, ಬ್ಯಾಂಡಿನ ಕೆಳಗೆ ಹೆಬ್ಬೆರಳು ತೂರಿಸಿದಳು.

"ಕೇಳ್ಕೋ. ಕೊನೇ ಕಾಗದ ಓದ್ತೀನಿ."

"ಯಾವ ತಾರೀಖಿಂದು?"

"ಮಾರ್ಚ್ ಹತ್ತೊಂಬತ್ತು."

"ಈಗ ಯಾವ ತಿಂಗಳು?"

"ನವೆಂಬರ್. ಅದು ನಂಗೊತ್ತಿಲ್ವಾ?"

"ಮತ್ತೆ ಬ್ಯಾಂಡಿಗೆ ಯಾಕೆ ಕೈ ಹಾಕ್ದೆ?"

"ನೀನು ಮಾರ್ಚಿಗೆ ಇರಲ್ಲ ಕಣೋ, ಅದಕ್ಕೆ!" ಲೆಂಪಿ ಕೂಗಿಯೇಬಿಟ್ಟಳು. ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಾರ್ಲೀನ್ ಗೋಡೆಯ ಕಡೆಗೆ ತಿರುಗಿಕೊಂಡಳು.

ಆರ್ವೋ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ತೆಗೀಬೇಡ," ಎಂದ ಕೊನೆಗೆ. "ಅದನ್ನ ನಾನು ಓದಿ ಎಷ್ಟೋ ಕಾಲ ಆಯ್ತು."

ಜನವರಿಯಲ್ಲಿ, ನಾವು ಇನ್ನೂ ಮೂರನೆಯ ಪತ್ರದಲ್ಲಿದ್ದಾಗಲೇ, ಊರೂರಿಗೆ ಬರುವ ಗ್ರಂಥಾಲಯದ ಗಾಡಿಯಿಂದ ಅವನು ಅದೇ ಪುಸ್ತಕವನ್ನು ಎರವಲು ತರಿಸಿಕೊಂಡು, ಸೌನಾದ, ಎಂದರೆ ಹಬೆಸ್ನಾನದ ಕೋಣೆಯ, ಒಲೆಯ ಮುಂದೆ ಕುಳಿತು ಕೊನೆಯ ಪುಟದವರೆಗೆ ಓದಿ ಮುಗಿಸಿದ್ದ. ಬಲೆಯ ತುದಿ ಎಲ್ಲಿದೆಯೆಂದು ತಿಳಿಯದೆ ಬಲೆ ಬಿಡುವ ಅಭ್ಯಾಸ ತನಗಿಲ್ಲ ಎಂದ.

ಲೆಂಪಿಯ ಮುಖದಲ್ಲಿ ಮೊದಲು ಬಂದದ್ದು ದುಃಖವಲ್ಲ, ಕೋಪ. "ವರ್ಷವಿಡೀ! ಗೊತ್ತಿದ್ದೂ ಗೊತ್ತಿಲ್ಲದೋನ ಥರ ಮುಖ ಮಾಡ್ಕೊಂಡು ನನ್ನ ಎದುರಿಗೇ ಕೂತಿದ್ದೆ! ಓದಿ ಮುಗಿಸಿದೋನು ಮತ್ತೆ ಯಾಕೋ ಬರ್ತಿದ್ದೆ?"

ಅವನು ಉತ್ತರ ಕೊಡಲು ಅವಸರ ಮಾಡಲಿಲ್ಲ, ಅವಳೂ ನಡುವೆ ಬಾಯಿ ಹಾಕಲಿಲ್ಲ.

"ಮನೇಲಿ ಓದ್ದಾಗ ಅವಳೊಂದು ಕಾಗದ ಬರೆದ್ಲು, ಪುಟ ತಿರುಗಿಸ್ದೆ, ಉತ್ತರ ಬಂತು. ಮತ್ತೆ ತಿರುಗಿಸ್ದೆ, ಮತ್ತೆ ಬಂತು. ಚೆನ್ನಾಗಿತ್ತು, ಕಥೆ ಥರ. ನಿಮ್ಮ ಜತೆ ಕೂತಾಗ ಬರಲೇ ಇಲ್ಲ ನೋಡು. ಬೆಳಿಗ್ಗೆ ಎದ್ದರೆ ಬಂದಿಲ್ಲ, ಬಲೆ ತೊಳೆಯುವಾಗ ಬಂದಿಲ್ಲ. ಆಗ ಅದು ಕಾಗದ ಆಯ್ತು. ಹೆಂಡತಿ ಹೋದ ಮೇಲೆ ನಾನು ಯಾವುದಕ್ಕೂ ಕಾದಿರಲಿಲ್ಲ ಲೆಂಪಿ."

ಸ್ವಲ್ಪ ಹೊತ್ತಿನ ಮೇಲೆ ಲೆಂಪಿಗೆ ಇನ್ನೊಂದು ಹೊಳೆದು, ಅವಳ ದನಿ ಕುಸಿಯಿತು. "ಹಾಗಾದ್ರೆ ಲವೀನಿಯಾ ಸತ್ತೇ ಹೋಗಿದಾಳೆ. ನೀನು ಓದ್ಕೊಂಡೇ ಹೇಳ್ತಿದ್ದೆ."

ಆರ್ವೋ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಬಲೆ ಎಳೆದು ಗಂಟುಗಟ್ಟಿದ ಬೆರಳುಗಳಿಂದ ಅವಳ ಹೆಬ್ಬೆರಳನ್ನು ಬ್ಯಾಂಡಿನಿಂದ ಬಿಡಿಸಿ, ಬ್ಯಾಂಡನ್ನು ನೆಟ್ಟಗೆ ಮಾಡಿ, ಪುಸ್ತಕವನ್ನು ಅವಳ ಮಡಿಲಿಗೆ ಸರಿಸಿದ. "ಮಾರ್ಚ್ ಹತ್ತೊಂಬತ್ತು," ಎಂದ. "ಈಗ ನಿದ್ದೆ ಬರ್ತಿದೆ. ಲೈನ್ ಬಿಡ್ತೀನಿ."

ಡಿಸೆಂಬರಿನ ನಡುವೆ ಅವನು ತೀರಿಕೊಂಡ. ಟೈಮಿಯ ಕ್ಯಾಸರೋಲು ಈ ಸಲ ಮಾರ್ಲೀನ್‌ಳ ಬಾಗಿಲಿಗೆ ಹೋಯಿತು. ಅಷ್ಟರಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ನಮ್ಮಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ಮಣ್ಣು ಸಿಗುವುದಿಲ್ಲ. ಸ್ಮಶಾನದ ಅಂಚಿನ ಕಲ್ಲುಮನೆಯಲ್ಲಿ ಪೆಟ್ಟಿಗೆಯನ್ನಿಟ್ಟು ಬೀಗ ಹಾಕುತ್ತಾರೆ, ಮೇ ತಿಂಗಳಲ್ಲಿ ನೆಲ ಮೆತ್ತಗಾದಾಗ ಹೂಳುತ್ತಾರೆ. ಅಲ್ಲಿಯವರೆಗೆ ಅವರೂ ಕಾಯುವವರೇ.

ಆ ಚಳಿಗಾಲದ ಕೂಟಗಳಲ್ಲಿ ಲೆಂಪಿಯ ಓದು ಒಣಗಿಹೋಗಿತ್ತು. ಕಿಟಕಿಯಲ್ಲಿ ದೀಪವಿಟ್ಟು ಬಂದರಿನ ಕಡೆ ನೋಡುವ ಅಬಿಗೇಲಳ ಪತ್ರಗಳನ್ನು, ಹಿಟ್ಟಿನ ಬೆಲೆ ಹೇಳುವವಳಂತೆ ಓದಿ ಮುಗಿಸುತ್ತಿದ್ದಳು. ಟೈಮಿ ಪ್ರತಿಸಲವೂ, "ಮುಂದಿನ ತಾರೀಖಿಗೆ ಬರುತ್ತೆ, ಅಲ್ವೇನೇ?" ಎಂದು ಕೇಳುವಳು. ಲೆಂಪಿ, "ನೋಡೋಣ," ಎನ್ನುವಳು. ಆರ್ವೋನ ಮನೆಯಲ್ಲಿ ನಡೆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ, ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಗೊತ್ತಿದ್ದೂ ಗೊತ್ತಿಲ್ಲದವರಂತೆ ಮುಖ ಮಾಡುವ ಕಥೆಗಾರರನ್ನು ಜೀವಮಾನವಿಡೀ ಹಳಿದವಳು ಈಗ ತಾನೇ ಆ ಮುಖ ಹೊತ್ತು ಕೂರಬೇಕಾಗಿತ್ತು. ಒಲೆಯ ಪಕ್ಕದ ಕುರ್ಚಿ ಖಾಲಿಯಿತ್ತು, ಲವೀನಿಯಾ ಸತ್ತಳೆಂದು ಜಗಳ ತೆಗೆಯುವವರಿರಲಿಲ್ಲ. ವಿರೋಧವಿಲ್ಲದ ನಮ್ಮ ಆಸೆಯೂ ಸೊರಗಿತು, ಬರುವವರು ಕಡಿಮೆಯಾದರು.

ಆದರೂ ಮಾರ್ಚ್ ಹತ್ತೊಂಬತ್ತರಂದು ಎಲ್ಲರೂ ಬಂದರು. ಮಾರ್ಲೀನ್ ಕೂಡ ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತಳು. ಲೆಂಪಿ ಬ್ಯಾಂಡನ್ನು ತೆಗೆದು ಮೇಜಿನ ಮೇಲಿಟ್ಟಳು, ಇನ್ನು ಅದಕ್ಕೆ ಕೆಲಸವಿರಲಿಲ್ಲ. ಕನ್ನಡಕ ಒರೆಸಿಕೊಂಡಳು. ಕೆಟ್ಟ ಸುದ್ದಿಯನ್ನು ಎಷ್ಟು ಬೇಗ ಹೇಳಿ ಮುಗಿಸಿದರೆ ಅಷ್ಟು ಒಳ್ಳೆಯದೆಂಬ ಒಣದನಿಯಲ್ಲೇ ತಾರೀಖು ಓದಿದಳು. ಕೆಳಗಿನ ಸಾಲಿಗೆ ಬಂದು ನಿಂತಳು.

"ನನ್ನ ಹಟಮಾರಿ ಆಬಿ," ಎಂದು ಓದಿದಳು.

ಟೈಮಿ ಕಿರುಚಿದಳೆಂದು ಕಾಣುತ್ತದೆ. ನನಗೆ ನೆನಪಿರುವುದು ಕಾಫಿ ಉಕ್ಕಿ ಒಲೆಗೆ ಬಿದ್ದ ವಾಸನೆ. ಲವೀನಿಯಾ ಬದುಕಿದ್ದಳು. ಒಡೆದ ಹಡಗಿನಿಂದ ಹೆಸರಿಲ್ಲದ ಒಂದು ದಂಡೆಗೆ ಬಿದ್ದು, ಅಲ್ಲಿಯ ಬೆಸ್ತರ ಮನೆಯಲ್ಲಿ ಹೆಣ್ಣುಮಗುವನ್ನು ಹೆತ್ತು, ಟಪಾಲು ಒಯ್ಯುವ ಮೊದಲ ಹಡಗು ಬಂದ ದಿನ ಬರೆದಿದ್ದಳು. ಲೆಂಪಿ ಇಡೀ ಪತ್ರವನ್ನು ಎಲ್ಲೂ ನಿಲ್ಲದೆ ಓದಿದಳು, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಲೂ ನಿಲ್ಲಲಿಲ್ಲ. ಮುಗಿಸಿ ಪುಸ್ತಕ ಮುಚ್ಚಿ, ಒಲೆಯ ಪಕ್ಕದ ಕುರ್ಚಿಯ ಕಡೆಗೆ ತಿರುಗಿದಳು.

"ಕಳ್ಳ," ಎಂದಳು. "ಅವನಿಗೆ ಗೊತ್ತಿತ್ತು. ಮೊದಲಿಂದ್ಲೂ ಗೊತ್ತಿತ್ತು."

ಆಗ ಎಲ್ಲವನ್ನೂ ಹೇಳಿದಳು. ಟೈಮಿಗೆ ತಲೆಗೆ ಹತ್ತಲು ತಡವಾಯಿತು. "ಬದುಕಿದಾಳೆ ಅಂತ ಗೊತ್ತಿದ್ರೆ ಸತ್ತಳು ಸತ್ತಳು ಅಂತ ಯಾಕೆ ಹೊಡ್ಕೊಂಡ?"

"ನಾವು ಇಲ್ಲ, ಬದುಕಿದಾಳೆ ಅಂತ ಹಟ ಹಿಡೀಲಿ ಅಂತ," ಎಂದಳು ಲೆಂಪಿ. "ಕೊನೇಲಿ ಗೆಲ್ಲೋರು ನಾವೇ ಅಂತ ಗೊತ್ತಿದ್ದೇ ಸೋಲೋ ಕಡೆ ನಿಂತಿದ್ದ. ಹಾಸಿಗೆ ಮೇಲೂ ಬಿಟ್ಟುಕೊಡಲಿಲ್ಲ. ಒಂದು ಮಾತು ಹೇಳಿದ್ರೆ ನನ್ನ ಚಳಿಗಾಲ ಸುಖವಾಗಿ ಹೋಗ್ತಿತ್ತು. ಆದ್ರೆ ಇವತ್ತಿನ ಈ ಕಾಗದ ಕೈತಪ್ಪಿ ಹೋಗ್ತಿತ್ತು," ಎಂದು ಪುಸ್ತಕ ಮುಟ್ಟಿದಳು.

ಮಾರ್ಲೀನ್ ಅಪ್ಪನ ಕುರ್ಚಿಯಲ್ಲಿ ಕುಳಿತು ಅಳತೊಡಗಿದಳು.

ಕೂಟ ಮುಗಿದ ಮೇಲೆ ಲೆಂಪಿ ನನ್ನ ಟ್ರಕ್ ಹತ್ತಿ ಸ್ಮಶಾನದ ದಾರಿ ತೋರಿಸಿದಳು. ಹಿಮ ಬೇಲಿಯ ಎತ್ತರಕ್ಕಿತ್ತು. ಕಲ್ಲುಮನೆಯ ಬಾಗಿಲವರೆಗೆ ಯಾರೋ ಸಲಿಕೆಯಿಂದ ಕಾಲುದಾರಿ ಮಾಡಿದ್ದರು. ಅವಳು ಎಂದಿನಂತೆ ಬಲಕ್ಕೆ ವಾಲಿ, ತಲೆಯನ್ನು ಎಡಕ್ಕೆ ಬಾಗಿಸಿ ನಡೆದುಹೋಗಿ, ಉಣ್ಣೆಯ ಕೈಗವಸಿನಿಂದ ಬೀಗ ಹಾಕಿದ ಆ ಬಾಗಿಲನ್ನು ತಟ್ಟಿದಳು.

"ಬಂತು ಕಣೋ ಕಾಗದ. ನಿಂಗೆ ಮೊದಲೇ ಗೊತ್ತಿತ್ತು, ಆದ್ರೂ ಹೇಳ್ಬೇಕಲ್ಲ. ಹೆಣ್ಣುಮಗು."

ಆಮೇಲೆ ಸುಮ್ಮನೆ ನಿಂತಳು. ಆ ಕಡೆಯವರು ಮಾತು ಮುಗಿಸಲಿ ಎಂದು ಬಿಡುವಷ್ಟು ಹೊತ್ತು ನಿಂತಳು. ಅನಂತರ, "ಲೈನ್ ಬಿಡ್ತೀನಿ," ಎಂದು ಹಿಂದಿರುಗಿದಳು.

ಪತ್ರಗಳಲ್ಲಿ ಹೇಳಿದ ಕಾದಂಬರಿಗಳ ಕಾಲ ಮುಗಿಯಿತೆಂದು ಆಗಾಗ ಕೇಳಿಬರುತ್ತದೆ; ಪತ್ರಗಳನ್ನೇ ಬರೆಯದ ಜನ ಅವನ್ನು ಯಾಕೆ ಓದಿಯಾರು ಎನ್ನುತ್ತಾರೆ. ಹಾಗೆನ್ನುವವರು ಲೆಂಪಿಯಂಥವರನ್ನು ಕಂಡಿಲ್ಲ. ಇವರು ಬುದ್ಧಿವಂತರೇನಲ್ಲ, ದೊಡ್ಡ ಓದುಗರೂ ಅಲ್ಲ, ಸಹವಾಸಕ್ಕೆ ಸುಲಭದವರಂತೂ ಖಂಡಿತ ಅಲ್ಲ. ಎದುರಿನವರ ಮಾತು ಮುಗಿಯುವ ಮೊದಲು ಬಾಯಿ ತೆರೆಯಬಾರದು, ಬಾರದ ಉತ್ತರವನ್ನು ಪುಟ ಹಾರಿಸಿ ನೋಡಬಾರದು ಎಂಬ ಒಂದೇ ಸಂಯಮ ಇವರದು, ಅದನ್ನು ಮರ್ಯಾದೆ ಎಂದು ಹೆಸರಿಟ್ಟು ಕರೆಯುವುದೂ ಇವರಿಗೆ ತಿಳಿಯದು. ಬೇರೆಲ್ಲ ಕಾದಂಬರಿಗಳಲ್ಲಿ ನಾವು ಕಥೆಯನ್ನು ಓದುತ್ತೇವೆ. ಪತ್ರಗಳ ಕಾದಂಬರಿಯಲ್ಲಿ ಒಬ್ಬರ ದಾರಿ ಇನ್ನೊಬ್ಬರು ಕಾಯುವುದನ್ನು ಓದುತ್ತೇವೆ, ಓದುತ್ತ ನಾವೂ ಕಾಯುವವರಾಗುತ್ತೇವೆ. ಅಂಥ ಕಾಯುವಿಕೆ ಒಬ್ಬರಿಂದ ಆಗುವ ಕೆಲಸವಲ್ಲ. ಕಾಗದ ಬಂದೇ ಬರುತ್ತದೆನ್ನುವ ಒಬ್ಬರಿಗೆ, ಬರುವುದಿಲ್ಲ ಎಂದು ಸುಳ್ಳು ಹೇಳಿಯಾದರೂ ಜತೆಗೆ ಕೂರುವ ಇನ್ನೊಬ್ಬರು ಬೇಕಾಗುತ್ತಾರೆ. ಮೇ ತಿಂಗಳಲ್ಲಿ ಆರ್ವೋನನ್ನು ಮಣ್ಣಿಗಿಟ್ಟ ದಿನ ಲೆಂಪಿಯ ಜೇಬಿನಲ್ಲಿ ಹೊಸ ಪುಸ್ತಕವಿತ್ತು, ಅದರ ಮೇಲೆ ಹಳೆಯ ನೀಲಿ ಬ್ಯಾಂಡೇ ಇತ್ತು. ಒಲೆಯ ಪಕ್ಕದ ಕುರ್ಚಿಯಲ್ಲಿ ಈಗ ಮಾರ್ಲೀನ್ ಕೂರುತ್ತಾಳೆ, ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ತಕರಾರು ತೆಗೆಯುತ್ತಾಳೆ. ಅವಳು ಮುಂದಿನದನ್ನು ಓದಿಕೊಂಡು ಬಂದಿದ್ದಾಳೋ ಇಲ್ಲವೋ ಎಂದು ಲೆಂಪಿ ಈವರೆಗೆ ಕೇಳಿಲ್ಲ.